ಎಸ್ಟರ್‌ಬ್ರೂಕ್ ಎಸ್ಟಿ ಲಿಮಿಟೆಡ್ ಎಡಿಷನ್ ಪೆನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಹಳೆಯ ಎಸ್ಟರ್‌ಬ್ರೂಕ್ ಹೆಸರು ಮತ್ತೆ ಚಲಾವಣೆಗೆ ಬಂದ ಮೇಲೆ ಅದರ 'ಎಸ್ಟಿ' ಪೆನ್ನಿನ ಲಿಮಿಟೆಡ್ ಎಡಿಷನ್‌ಗಳ ಬಗ್ಗೆ ಇಂಕ್ ಪೆನ್ ಪ್ರಿಯರು ಕೇಳುತ್ತಲೇ ಇರುವ ಪ್ರಶ್ನೆಗಳು ಇಲ್ಲಿವೆ. ಕೊಳ್ಳುವ ಮೊದಲಿನ ಅನುಮಾನಗಳು ಮುಂದಿವೆ, ಕೈಯಲ್ಲಿ ಉಪಕರಣ ಹಿಡಿಯಬೇಕಾದ ಕೆಲಸಗಳು ಕೊನೆಗಿವೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಕೊಳ್ಳುವ ಮೊದಲು

ಇದು ಆ ಹಳೇ ಎಸ್ಟರ್‌ಬ್ರೂಕ್ ಕಂಪನಿನೇನಾ, ಅಥವಾ ಬರೀ ಹೆಸರಾ?

ಹೆಸರು ಅದೇ, ಕಂಪನಿ ಬೇರೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಅಮೆರಿಕಕ್ಕೆ ಹೋದ ರಿಚರ್ಡ್ ಎಸ್ಟರ್‌ಬ್ರೂಕ್ 1858ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಉಕ್ಕಿನ ನಿಬ್ಬುಗಳ ಕಾರ್ಖಾನೆ ತೆರೆದರು. ಮೊದಲು ಮಾಡಿದ್ದೆಲ್ಲ ಮಸಿಯಲ್ಲಿ ಅದ್ದಿ ಬರೆಯುವ ನಿಬ್ಬುಗಳೇ. ಫೌಂಟನ್ ಪೆನ್ನಿಗೆ ಕೈ ಹಾಕಿದ್ದು ಬಹಳ ತಡವಾಗಿ, 20ನೇ ಶತಮಾನದಲ್ಲಿ. ಬಾಲ್‌ಪೆನ್ ಕಾಲದಲ್ಲಿ ವ್ಯಾಪಾರ ಕುಸಿಯಿತು. 1967ರಲ್ಲಿ ವೀನಸ್ ಪೆನ್ಸಿಲ್ ಕಂಪನಿಯ ಜೊತೆ ಸೇರಿ 'ವೀನಸ್ ಎಸ್ಟರ್‌ಬ್ರೂಕ್' ಆಯಿತು, 1970ರ ದಶಕದ ಆರಂಭದಲ್ಲಿ ಕೆಲಸವೇ ನಿಂತಿತು.

ಹೆಸರು ಮತ್ತೆ ಜೀವ ಪಡೆದದ್ದು 2014ರ ಸುಮಾರಿಗೆ. ಆಗ ಬಂದ ಪೆನ್ನುಗಳಿಗೂ ಹಳೆಯವಕ್ಕೂ ಹೆಚ್ಚು ನಂಟಿರಲಿಲ್ಲ. 2018ರಲ್ಲಿ ನ್ಯೂಯಾರ್ಕಿನ ಕೆನ್ರೋ ಇಂಡಸ್ಟ್ರೀಸ್ ಹೆಸರನ್ನು ಕೊಂಡಿತು. ಎಸ್ಟಿ ಬಂದದ್ದು ಅದರ ನಂತರ. ಕಾರ್ಖಾನೆಯಾಗಲಿ ಯಂತ್ರಗಳಾಗಲಿ ಹಳೆಯವಲ್ಲ, ಕುಶಲಕರ್ಮಿಗಳ ಪರಂಪರೆಯೂ ಮುಂದುವರಿದಿಲ್ಲ. ಹಾಗಾದರೆ ಪರಂಪರೆ ಎಂಬ ಮಾತಿಗೆ ಇಲ್ಲಿ ಅರ್ಥವಿದೆಯೇ? ಒಂದು ಕಡೆ ನಿಜವಾಗಿಯೂ ಇದೆ: ಒಂದು ಅಡಾಪ್ಟರ್ ಹಾಕಿದರೆ ಹಳೆಯ ಎಸ್ಟರ್‌ಬ್ರೂಕ್‌ನ ನಿಬ್ಬುಗಳು ಈ ಹೊಸ ಪೆನ್ನಿನಲ್ಲಿ ಕೂತು ಬರೆಯುತ್ತವೆ. ಹೆಸರು ಮಾತ್ರ ಮರಳಿದ ಎಷ್ಟೋ ಬ್ರ್ಯಾಂಡುಗಳಲ್ಲಿ ಇಷ್ಟು ಗಟ್ಟಿಯಾದ ಕೊಂಡಿ ಕಾಣಸಿಗುವುದಿಲ್ಲ.

ಲಿಮಿಟೆಡ್ ಎಡಿಷನ್‌ಗೂ ಸಾಮಾನ್ಯ ಎಸ್ಟಿಗೂ ಬರವಣಿಗೆಯಲ್ಲಿ ವ್ಯತ್ಯಾಸ ಇದೆಯಾ?

ಇಲ್ಲ. ನಿಬ್, ಫೀಡ್ (ನಿಬ್ಬಿನ ಅಡಿಯಲ್ಲಿರುವ ಕಪ್ಪು ನಾಲಿಗೆ), ಕನ್ವರ್ಟರ್ (ಶೀಶೆಯಿಂದ ಇಂಕ್ ಎಳೆದು ಹಿಡಿದಿಡುವ ಒಳಗಿನ ಸಣ್ಣ ಕೊಳವೆ), ಮುಚ್ಚಳದೊಳಗಿನ ಸ್ಪ್ರಿಂಗು ಎಲ್ಲವೂ ಒಂದೇ. ಬದಲಾಗುವುದು ಮೈಯ ಅಕ್ರಿಲಿಕ್ ರಾಳದ ಬಣ್ಣ, ಅದರ ಮಿಶ್ರಣದ ವಿನ್ಯಾಸ, ಕ್ಲಿಪ್ಪು ಮತ್ತು ಉಂಗುರಗಳ ಲೇಪ, ಪೆಟ್ಟಿಗೆ. ಹೆಚ್ಚಿನ ಹಣ ಹೋಗುವುದು ಇವುಗಳಿಗೆ. ಬಣ್ಣ ಮನಸ್ಸಿಗೆ ಹಿಡಿಸಿದ್ದರೆ ಅದು ಕೊಳ್ಳಲು ಸಾಕಷ್ಟು ಒಳ್ಳೆಯ ಕಾರಣ. ಇನ್ನೂ ಚೆನ್ನಾಗಿ ಬರೆಯಬಹುದು ಎಂಬ ಆಸೆಯಿಂದ ಕೊಳ್ಳುವುದಾದರೆ ಸಾಮಾನ್ಯ ಎಸ್ಟಿ ಕೊಂಡು, ಉಳಿದ ದುಡ್ಡಿನಲ್ಲಿ ಎರಡು ನಿಬ್ ಘಟಕ ಹೆಚ್ಚಿಗೆ ತೆಗೆದುಕೊಳ್ಳಿ.

'ಲಿಮಿಟೆಡ್', 'ಸ್ಪೆಷಲ್' ಎರಡೂ ಒಂದೇನಾ?

ಪೆನ್ ಮಾರುಕಟ್ಟೆಯಲ್ಲಿ ಲಿಮಿಟೆಡ್ ಎಂದರೆ ಎಷ್ಟು ಪೆನ್ನು ಮಾಡುತ್ತೇವೆಂದು ಮೊದಲೇ ಹೇಳಿರುತ್ತಾರೆ. ಅನೇಕ ಸಲ ಪೆನ್ನಿನ ಮೇಲೆ ಕ್ರಮಸಂಖ್ಯೆ ಕೊರೆದಿರುತ್ತದೆ. ಸ್ಪೆಷಲ್ ಎಂದರೆ ಸ್ವಲ್ಪ ಕಾಲ ಮಾರುವ ಬಣ್ಣ. ಬೇಡಿಕೆ ಇದ್ದರೆ ಮತ್ತೆ ಮಾಡಬಹುದು. ಒಂದೇ ಅಂಗಡಿಗೆಂದು ಮಾಡಿಸಿದ ಬಣ್ಣಗಳೂ ಇರುತ್ತವೆ. ಮಾರುವವರಿಗೆ ನೇರವಾಗಿ ಎರಡು ಪ್ರಶ್ನೆ ಹಾಕಿ: ಒಟ್ಟು ಎಷ್ಟು? ಸಂಖ್ಯೆ ಪೆನ್ನಿನ ಮೇಲಿದೆಯೋ, ಕಾರ್ಡಿನ ಮೇಲಿದೆಯೋ? ಕಾರ್ಡಿನ ಮೇಲಷ್ಟೇ ಇದ್ದರೆ ಕಾರ್ಡು ಕಳೆದ ದಿನ ಸಂಖ್ಯೆಯೂ ಕಳೆದಂತೆ.

ಚಿತ್ರದಲ್ಲಿ ನೋಡಿದ ಬಣ್ಣ ಕೈಗೆ ಬಂದಾಗ ಬೇರೆಯೇ ಇರುತ್ತದಂತಲ್ಲ, ಯಾಕೆ?

ಅಕ್ರಿಲಿಕ್ ಸರಳನ್ನು ಎರಕ ಹೊಯ್ಯುವಾಗ ಬಣ್ಣಗಳನ್ನು ಸುಳಿಯಂತೆ ಕಲಸುತ್ತಾರೆ. ಆ ಸರಳನ್ನು ಲೇತಿನಲ್ಲಿ ಕೊರೆದು ಪೆನ್ ಮಾಡಿದಾಗ ಯಾವ ಪದರ ಮೇಲೆ ಬರುತ್ತದೆ ಎಂಬುದು ಪ್ರತಿ ತುಂಡಿಗೂ ಬೇರೆ. ಒಂದೇ ಎಡಿಷನ್‌ನ ಎರಡು ಪೆನ್ನು ಪಕ್ಕಪಕ್ಕ ಇಟ್ಟರೆ ಒಂದರಲ್ಲಿ ನೀಲಿ ಹೆಚ್ಚು, ಇನ್ನೊಂದರಲ್ಲಿ ಹೊಳಪಿನ ಗೆರೆ ಹೆಚ್ಚು ಕಾಣುವುದು ಸಹಜ. ಮುಚ್ಚಳ ಮತ್ತು ಮೈ ಬೇರೆ ಬೇರೆ ಕತ್ತರಿಸಿದ ತುಂಡುಗಳಾದ್ದರಿಂದ ವಿನ್ಯಾಸ ಕೂಡುವಲ್ಲಿ ಸರಿಹೊಂದದಿರಬಹುದು. ಅದು ದೋಷವಲ್ಲ. ಮಾರುವವರು ಒಪ್ಪಿದರೆ ನಿಮಗೆ ಕಳಿಸುವ ಪೆನ್ನಿನದೇ ಚಿತ್ರ ಕೇಳಿ, ಕಿಟಕಿಯ ಬೆಳಕಿನಲ್ಲಿ ತೆಗೆದದ್ದು. ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ಹೊಳಪಿನ ಪುಡಿಯಷ್ಟೇ ಎದ್ದು ಕಾಣುತ್ತದೆ.

ಭಾರತಕ್ಕೆ ಹೊರಗಿನಿಂದ ತರಿಸಿದರೆ ಖರ್ಚು ಹೇಗೆ ಲೆಕ್ಕ ಹಾಕೋದು?

ಸುಂಕ ಬರೀ ಪೆನ್ನಿನ ಬೆಲೆಯ ಮೇಲಲ್ಲ. ಬೆಲೆ, ಸಾಗಣೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ. ಆ ಸುಂಕವನ್ನೂ ಕೂಡಿಸಿದ ಮೊತ್ತದ ಮೇಲೆ ಜಿಎಸ್‌ಟಿ. ಇದರ ಜೊತೆ ಕೊರಿಯರ್‌ನವರು ತಮ್ಮ ನಿರ್ವಹಣಾ ಶುಲ್ಕ ಬೇರೆ ಹಾಕುತ್ತಾರೆ. ಗುರುತಿನ ದಾಖಲೆ ಕೇಳುತ್ತಾರೆ, ತಡಮಾಡಿದರೆ ಪಾರ್ಸಲ್ ಅಲ್ಲೇ ಕೂರುತ್ತದೆ. ಬೆಲೆ ಕಡಿಮೆ ತೋರಿಸಿ ಅಥವಾ ಉಡುಗೊರೆ ಎಂದು ಬರೆಸಿ ಕಳಿಸಿ ಎಂದು ಕೇಳಬೇಡಿ. ಕಾನೂನಿಗೆ ವಿರುದ್ಧ ಎನ್ನುವುದು ಒಂದು. ದಾರಿಯಲ್ಲಿ ಪೆನ್ ಕಳೆದರೆ ವಿಮೆ ಸಿಗುವುದೂ ತೋರಿಸಿದ ಆ ಕಡಿಮೆ ಬೆಲೆಗೇ. ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವುದಾದರೆ ಬಿಲ್ ಜೊತೆಗಿರಲಿ, ಪೆನ್ನಿಗೆ ಇಂಕ್ ತುಂಬಿಸದೇ ತರಲಿ.

ಸಂಗ್ರಹಕ್ಕೆ ಒಳ್ಳೆಯದಾ? ಮುಂದೆ ಬೆಲೆ ಏರುತ್ತಾ?

ಆ ಲೆಕ್ಕಾಚಾರದಲ್ಲಿ ಕೊಳ್ಳಬೇಡಿ. ಮರುಮಾರಾಟದಲ್ಲಿ ಬೆಲೆ ಉಳಿಸಿಕೊಳ್ಳುವುದು ಕೆಲವೇ ಬಣ್ಣಗಳು, ಅವು ಯಾವುವು ಎಂದು ಮೊದಲೇ ತಿಳಿಯುವ ದಾರಿಯಿಲ್ಲ. ವರ್ಷಕ್ಕೆ ಹಲವು ಎಡಿಷನ್ ತರುವ ಬ್ರ್ಯಾಂಡುಗಳಲ್ಲಿ ಇದಂತೂ ಇನ್ನೂ ಕಷ್ಟ. ಇಂಕ್ ತುಂಬದ ಪೆನ್ನಿಗೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ ಎನ್ನುವುದು ನಿಜ. ಆದರೆ ಬರೆಯದೆ ಪೆಟ್ಟಿಗೆಯಲ್ಲಿ ಇಟ್ಟ ಪೆನ್ನಿನ ನಿಬ್ ಸರಿಯಿದೆಯೋ ಇಲ್ಲವೋ ಎಂಬುದು ವಾರಂಟಿ ಅವಧಿ ಮುಗಿದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ. ಇಂಕ್ ತುಂಬಲು ಇಷ್ಟವಿಲ್ಲದಿದ್ದರೂ ಬಂದ ವಾರದಲ್ಲೇ ನಿಬ್ಬನ್ನು ಒಮ್ಮೆ ಅದ್ದಿ ನಾಲ್ಕು ಸಾಲು ಬರೆದು ತೊಳೆದಿಡಿ.

ಕನ್ನಡ ಬರೆಯೋಕೆ ಯಾವ ನಿಬ್ ತಗೊಳ್ಳಲಿ?

ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು, ಏಕೆಂದರೆ ನಿಬ್ ಬಗ್ಗೆ ಸಿಗುವ ಹೆಚ್ಚಿನ ಸಲಹೆ ಇಂಗ್ಲಿಷ್ ಬರೆಯುವವರಿಗೆ ಹೇಳಿದ್ದು.

ಎಸ್ಟಿಗೆ ಬರುವುದು ಬರ್ಲಿನ್‌ನ ಯೋವೋ ಕಾರ್ಖಾನೆಯ 6ನೇ ಅಳತೆಯ ಉಕ್ಕಿನ ನಿಬ್. ಸಾಮಾನ್ಯ ಕಾಗದದ ಮೇಲೆ ಎಕ್ಸ್‌ಟ್ರಾ ಫೈನ್ ಸುಮಾರು 0.4 ಮಿ.ಮೀ., ಫೈನ್ 0.5, ಮೀಡಿಯಂ 0.6, ಬ್ರಾಡ್ 0.8 ಮಿ.ಮೀ. ದಪ್ಪದ ಗೆರೆ ಕೊಡುತ್ತವೆ. ಇಂಕ್ ಮತ್ತು ಕಾಗದ ಬದಲಾದರೆ ಇದೂ ಬದಲಾಗುತ್ತದೆ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಕೂರುತ್ತದೆ, ಮುಖ್ಯ ಅಕ್ಷರದ ಅರ್ಧದಷ್ಟು ಗಾತ್ರದಲ್ಲಿ. 8 ಮಿ.ಮೀ. ಅಂತರದ ಗೆರೆ ಹಾಳೆಯಲ್ಲಿ 'ಸ್ವಾತಂತ್ರ್ಯ', 'ರಾಷ್ಟ್ರ' ಬರೆದು ನೋಡಿ: ಬ್ರಾಡ್ ನಿಬ್ಬಿನಲ್ಲಿ ಒತ್ತುಗಳ ಕಣ್ಣು ಮುಚ್ಚಿಹೋಗುತ್ತದೆ. ದಿನನಿತ್ಯದ ಕನ್ನಡ ಬರವಣಿಗೆಗೆ ಫೈನ್ ಸರಿ. ಕೈಬರಹ ದೊಡ್ಡದಿದ್ದರೆ ಮೀಡಿಯಂ.

1.1 ಮಿ.ಮೀ. ಸ್ಟಬ್ ನಿಬ್ಬಿನ ತುದಿ ಉಳಿಯಂತೆ ಚಪ್ಪಟೆ. ಮೇಲಿಂದ ಕೆಳಗೆ ಎಳೆದ ಗೆರೆ ದಪ್ಪ, ಅಡ್ಡಗೆರೆ ಸಣ್ಣ. ಕನ್ನಡದಲ್ಲಿ ತಲೆಕಟ್ಟು ಸಣ್ಣದಾಗಿ, ಅಕ್ಷರದ ಹೊಟ್ಟೆಯ ಬದಿಗಳು ದಪ್ಪವಾಗಿ ಬರುತ್ತವೆ. ನೋಡಲು ಚೆಂದ, ಆದರೆ ಸಾಲಿನ ಅಂತರ 10 ಮಿ.ಮೀ. ಆದರೂ ಬೇಕು. ಶುಭಾಶಯ ಪತ್ರ, ಶೀರ್ಷಿಕೆ, ವಿಳಾಸಗಳಿಗೆ ಇಟ್ಟುಕೊಳ್ಳಿ.

ಕೆಲವು ಎಡಿಷನ್‌ಗಳ ಜೊತೆ 'ಜರ್ನಲರ್', 'ಸ್ಕ್ರೈಬ್' ಎಂಬ ಕೈಯಿಂದ ಉಜ್ಜಿದ ನಿಬ್ಬುಗಳೂ ಸಿಗುತ್ತವೆ. ಜರ್ನಲರ್ ಮೃದು ಅಂಚಿನ ಸ್ಟಬ್‌ನಂತೆ, ಕನ್ನಡಕ್ಕೆ ಚೆನ್ನಾಗಿ ಒಗ್ಗುತ್ತದೆ. ಸ್ಕ್ರೈಬ್ ಇದಕ್ಕೆ ಉಲ್ಟಾ: ಅಡ್ಡಗೆರೆ ದಪ್ಪ, ಕೆಳಗೆಳೆದದ್ದು ಸಣ್ಣ. ಅದರಲ್ಲಿ ತಲೆಕಟ್ಟು ಎದ್ದು ನಿಲ್ಲುತ್ತದೆ, ಹಳೆಯ ಕೈಬರಹದ ಪ್ರತಿ ನೋಡಿದಂತಿರುತ್ತದೆ. ಆದರೆ ಪೆನ್ ಹಿಡಿಯುವ ಕೋನ ಸ್ವಲ್ಪ ಬದಲಾದರೂ ಗೆರೆಯ ದಪ್ಪ ಬದಲಾಗುತ್ತದೆ. 'ಳ', 'ಬ', 'ಲ' ಇಂಥ ಅಕ್ಷರಗಳಲ್ಲಿ ನಿಬ್ಬನ್ನು ಮೇಲಕ್ಕೆ ತಳ್ಳುವ ಸುತ್ತು ಬಹಳ. ಅಲ್ಲಿ ಚೂಪು ಅಂಚಿನ ನಿಬ್ ಕಾಗದದ ನಾರು ಕೀಳುತ್ತದೆ. ಸೂಜಿಮೊನೆ ನಿಬ್ಬಿನಲ್ಲಿ ಈ ತೊಂದರೆ ಎಲ್ಲಕ್ಕಿಂತ ಹೆಚ್ಚು. ಕನ್ನಡವನ್ನೇ ಬರೆಯುವವರಿಗೆ ನಾವು ಅದನ್ನು ಹೇಳುವುದಿಲ್ಲ.

ಚಿನ್ನದ ನಿಬ್ ಹಾಕಿಸಿದರೆ ಸುಖವಾಗಿ ಬರೆಯುತ್ತಾ?

ಕಾಗದ ಮುಟ್ಟುವುದು ಚಿನ್ನವೂ ಅಲ್ಲ, ಉಕ್ಕೂ ಅಲ್ಲ. ತುದಿಗೆ ಬೆಸೆದ ಗಟ್ಟಿ ಲೋಹದ ಗುಂಡು. ನುಣುಪು ಬರುವುದು ಅದನ್ನು ಉಜ್ಜಿದ ರೀತಿಯಿಂದ. ಚಿನ್ನದಲ್ಲಿ ಸಿಗುವುದು ಸ್ವಲ್ಪ ಪುಟಿತ ಮತ್ತು ತುಕ್ಕಿನ ಚಿಂತೆಯಿಲ್ಲದ ನೆಮ್ಮದಿ. ಮೊದಲ ಎಸ್ಟಿಗೆ ಉಕ್ಕು ಸಾಕು.

## ಕೈಗೆ ಬಂದ ಮೇಲೆ

ಮುಚ್ಚಳ ಸುಮ್ಮನೆ ತಿರುಗಿಸಿದರೆ ಕೂರುತ್ತಿಲ್ಲ, ಕೆಟ್ಟಿದೆಯಾ?

ಕೆಟ್ಟಿಲ್ಲ, ರಚನೆಯೇ ಹಾಗೆ. ಎಸ್ಟಿಯ ಮುಚ್ಚಳದೊಳಗೆ ಸ್ಪ್ರಿಂಗಿನ ಮೇಲೆ ಕೂತ ಇನ್ನೊಂದು ಪುಟ್ಟ ಒಳಮುಚ್ಚಳವಿದೆ, ಇದನ್ನು ಕುಶನ್ ಕ್ಯಾಪ್ ಎನ್ನುತ್ತಾರೆ. ಹಾಕುವಾಗ ಮುಚ್ಚಳವನ್ನು ನೇರವಾಗಿ ತೂರಿಸಿ, ಸ್ಪ್ರಿಂಗ್ ತಡೆಯುವುದು ಗೊತ್ತಾದ ಕೂಡಲೇ ಇನ್ನೂ ಸ್ವಲ್ಪ ಒತ್ತಿ, ಒತ್ತಿಕೊಂಡೇ ಬಲಕ್ಕೆ ತಿರುಗಿಸಿ. ತೆಗೆಯುವಾಗಲೂ ಸ್ವಲ್ಪ ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿ. ಒತ್ತದೆ ತಿರುಗಿಸಿದರೆ ತಿರುಪಿನ ಸುತ್ತುಗಳು ಒಂದನ್ನೊಂದು ಉಜ್ಜುತ್ತವೆ, ವರ್ಷಗಳಲ್ಲಿ ಸವೆಯುತ್ತವೆ. ಒಳಮುಚ್ಚಳ ನಿಬ್ಬಿನ ಸುತ್ತ ಗಾಳಿಯಾಡದಂತೆ ಕೂರುವುದರಿಂದಲೇ ಒಂದೆರಡು ವಾರ ಬಿಟ್ಟರೂ ಮೊದಲ ಗೆರೆಗೇ ಇಂಕ್ ಬರುತ್ತದೆ. ಬೇಸಿಗೆಯ ಕಲಬುರಗಿಯಲ್ಲಿ ಇದರ ಬೆಲೆ ಹೆಚ್ಚು ಗೊತ್ತಾಗುತ್ತದೆ.

ಹೊಸ ಪೆನ್ನು ತೊಳೆಯಬೇಕಾ? ನೇರ ಇಂಕ್ ತುಂಬಬಾರದಾ?

ತೊಳೆದೇ ತುಂಬಿ. ಫೀಡಿನ ಸಣ್ಣ ಕಾಲುವೆಗಳಲ್ಲಿ ತಯಾರಿಕೆಯ ಎಣ್ಣೆ ಉಳಿದಿರುತ್ತದೆ, ಎಣ್ಣೆ ಇಂಕನ್ನು ಹತ್ತಿರ ಬಿಡುವುದಿಲ್ಲ. ಕಾಲು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ. ಕನ್ವರ್ಟರ್ ಜೋಡಿಸಿ, ನಿಬ್ಬನ್ನು ನೀರಲ್ಲಿ ಮುಳುಗಿಸಿ ಎಂಟು ಹತ್ತು ಸಲ ಎಳೆದು ಬಿಡಿ. ಬಳಿಕ ಶುದ್ಧ ನೀರಿನಲ್ಲಿ ನೊರೆ ಹೋಗುವ ತನಕ ಹಾಗೆಯೇ ಮಾಡಿ. ನಿಬ್ಬನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಒಂದು ಗಂಟೆ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ. ಉಳಿದ ನೀರನ್ನು ಕಾಗದ ಹೀರಿಕೊಳ್ಳುತ್ತದೆ.

ಸ್ಪಿರಿಟ್, ಸ್ಯಾನಿಟೈಸರ್, ನೇಲ್ ಪಾಲಿಶ್ ತೆಗೆಯುವ ದ್ರವ ಪೆನ್ನಿನ ಹತ್ತಿರ ಸುಳಿಯಬಾರದು. ಆಲ್ಕೊಹಾಲ್ ತಗುಲಿದ ಅಕ್ರಿಲಿಕ್‌ನಲ್ಲಿ ಕೂದಲೆಳೆಯಂಥ ಬಿರುಕುಗಳ ಜಾಲ ಏಳುತ್ತದೆ, ಅದನ್ನು ಸರಿಪಡಿಸಲು ಆಗದು. ಕೈಗೆ ಸ್ಯಾನಿಟೈಸರ್ ಹಚ್ಚಿ ತಕ್ಷಣ ಪೆನ್ ಹಿಡಿಯುವ ರೂಢಿ ಇದ್ದವರು ಇದನ್ನು ನೆನಪಿಡಿ.

ಕನ್ವರ್ಟರ್ ತುಂಬಿದರೂ ಅರ್ಧ ಮಾತ್ರ ತುಂಬಿದಂತೆ ಕಾಣುತ್ತೆ. ಏನು ಮಾಡೋದು?

ಮೊದಲ ಎಳೆತಕ್ಕೆ ಫೀಡಿನಲ್ಲಿದ್ದ ಗಾಳಿಯೂ ಒಳಗೆ ಬರುತ್ತದೆ. ಇಂಕ್ ಎಳೆದ ಮೇಲೆ ನಿಬ್ಬನ್ನು ಮೇಲೆ ಮಾಡಿ ಹಿಡಿದು, ಗಾಳಿ ಮೇಲಕ್ಕೇರಿದ ನಂತರ ಗುಬುಟನ್ನು ನಿಧಾನಕ್ಕೆ ತಿರುಗಿಸಿ ಗಾಳಿ ಹೊರಗೆ ಬಿಡಿ. ನಿಬ್ಬಿನ ತೂತಿನಲ್ಲಿ ಇಂಕ್ ಕಾಣಿಸಿದೊಡನೆ ನಿಲ್ಲಿಸಿ, ಮತ್ತೆ ಶೀಶೆಯಲ್ಲಿ ಮುಳುಗಿಸಿ ಪೂರ್ತಿ ಎಳೆಯಿರಿ. ಅಂತರರಾಷ್ಟ್ರೀಯ ಅಳತೆಯ ಕನ್ವರ್ಟರ್ ತುಂಬಿದರೂ ಹಿಡಿಯುವುದು 0.6ರಿಂದ 0.8 ಮಿ.ಲೀ. ಅಷ್ಟೇ. ಹೆಚ್ಚು ಬರೆಯುವವರು ಅದೇ ಅಳತೆಯ ಖಾಲಿ ಉದ್ದ ಕಾರ್ಟ್ರಿಜ್ ಮೈಯೊಳಗೆ ಹಿಡಿಯುತ್ತದೆಯೇ ನೋಡಿ, ಹಿಡಿದರೆ ಸಿರಿಂಜ್‌ನಿಂದ ಇಂಕ್ ತುಂಬಿ ಬಳಸಬಹುದು.

ನಮ್ಮ ದೇಶದ ಇಂಕುಗಳನ್ನು ಹಾಕಬಹುದಾ? ಬಣ್ಣ ಹಿಡಿಯುತ್ತಾ?

ಸುಲೇಖಾ, ಬ್ರಿಲ್, ಕ್ಯಾಮೆಲ್, ಕೇರಳದ ಕೃಷ್ಣ ಇವೆಲ್ಲ ಫೌಂಟನ್ ಪೆನ್ನಿಗೆಂದೇ ಮಾಡಿದ ಇಂಕುಗಳು, ಹಾಕಬಹುದು. ಎಚ್ಚರ ಬೇಕಾದದ್ದು ಬ್ರ್ಯಾಂಡಿಗಲ್ಲ, ಇಂಕಿನ ಜಾತಿಗೆ. ಹೊಳಪಿನ ಪುಡಿ ಸೇರಿಸಿದ ಇಂಕ್ ಫೀಡಿನ ಕಾಲುವೆ ಕಟ್ಟುತ್ತದೆ. ಒಣಗಿದಾಗ ಹೊರಗೆ ಲೋಹದ ಮಿನುಗು ಬಿಡುವ ಗಾಢ ಇಂಕುಗಳು ನಿಬ್ ತುದಿಯಲ್ಲೇ ಹೆಪ್ಪುಗಟ್ಟುತ್ತವೆ. ಕಬ್ಬಿಣದ ಅಂಶವಿರುವ ಐರನ್ ಗಾಲ್ ಇಂಕು ಆಮ್ಲೀಯ. ಲೇಪ ಹೋದ ಉಕ್ಕಿನ ನಿಬ್ಬಿಗೆ ತುಕ್ಕು ತರಬಹುದು. ಡ್ರಾಯಿಂಗಿನ ಇಂಡಿಯನ್ ಇಂಕು ಯಾವ ಫೌಂಟನ್ ಪೆನ್ನಿಗೂ ಬೇಡವೇ ಬೇಡ, ಅದರಲ್ಲಿನ ಅರಗು ಒಳಗೆ ಗಟ್ಟಿಯಾದರೆ ಪೆನ್ ಹೋದಂತೆ.

ಬಿಳಿ, ಕೆನೆ, ಪಾರದರ್ಶಕ ಮೈಯ ಎಡಿಷನ್‌ಗಳಿಗೆ ಕೆಂಪು, ನೇರಳೆ, ಗುಲಾಬಿ ಇಂಕು ಕಲೆ ಹಿಡಿಸುತ್ತವೆ, ಅದೂ ಮುಚ್ಚಳದ ಒಳಭಾಗದಲ್ಲಿ. ಇಂಥ ಪೆನ್ನಿಗೆ ತೆಳು ನೀಲಿ ಅಥವಾ ಬೂದು ಸುರಕ್ಷಿತ. ಇಂಕ್ ಬದಲಾಯಿಸುವ ಮುನ್ನ, ಒಂದೇ ಇಂಕಾದರೆ ತಿಂಗಳಿಗೊಮ್ಮೆ, ನೀರು ತಿಳಿಯಾಗುವವರೆಗೆ ತೊಳೆಯಿರಿ.

ಐಡ್ರಾಪರ್ ಮಾಡಬಹುದಾ (ಕನ್ವರ್ಟರ್ ಇಲ್ಲದೆ ಮೈಯೊಳಗೇ ಇಂಕ್ ತುಂಬೋದು), ನಮ್ಮ ಎಬೊನೈಟ್ (ಗಟ್ಟಿ ರಬ್ಬರಿನ) ಪೆನ್ನಿನ ಹಾಗೆ?

ಬೇಡ. ಭಾರತದ ಎಬೊನೈಟ್ ಪೆನ್ನುಗಳ ತಿರುಪು ಉದ್ದ, ಗೋಡೆ ದಪ್ಪ. ನೇರವಾಗಿ ಇಂಕ್ ಹೊಯ್ಯಲೆಂದೇ ಅವನ್ನು ಕಡೆಯುತ್ತಾರೆ. ಎಸ್ಟಿಯ ತಿರುಪು ಅಷ್ಟು ಬಿಗಿಯಲ್ಲ. ದುಬಾರಿ ಬಣ್ಣದ ಅಕ್ರಿಲಿಕ್ ಒಳಗಿಂದ ಕಲೆಯಾದರೆ ಎಡಿಷನ್ನಿನ ಚೆಲುವೇ ಹೋಗುತ್ತದೆ.

ಮುಚ್ಚಳದೊಳಗೆ ಇಂಕ್ ಚೆಲ್ಲಿದೆ, ನೀರಲ್ಲಿ ನೆನೆಸಲಾ?

ನೆನೆಸಬೇಡಿ. ಒಳಮುಚ್ಚಳದ ಹಿಂದೆ ಸ್ಪ್ರಿಂಗ್ ಇದೆ. ಅಲ್ಲಿಗೆ ನೀರು ನುಗ್ಗಿದರೆ ಹೊರಬರಲು ದಿನಗಟ್ಟಲೆ ಬೇಕು, ಪಾರದರ್ಶಕ ಪೆನ್ನಿನಲ್ಲಿ ಇಂಕಿನ ಮೋಡ ಕಾಣುತ್ತಲೇ ಇರುತ್ತದೆ. ತೇವ ಮಾಡಿದ ಟಿಶ್ಯೂವನ್ನು ಬತ್ತಿಯಂತೆ ಹೊಸೆದು ಒಳಗೆ ತಿರುಗಿಸಿ ತೆಗೆಯಿರಿ, ಮೂರು ನಾಲ್ಕು ಬತ್ತಿ ಬೇಕಾದೀತು. ನೀರು ಒಳಗೆ ಹೋಗಿಯೇ ಬಿಟ್ಟಿದ್ದರೆ ಬಾಯಿ ಕೆಳಗಾಗಿ, ಟಿಶ್ಯೂ ಮೇಲೆ, ಫ್ಯಾನ್ ಗಾಳಿಗೆ ಎರಡು ದಿನ ಇಡಿ. ಹೇರ್ ಡ್ರೈಯರ್ ಬೇಡ.

ವಿಮಾನದಲ್ಲಿ ಒಯ್ಯಬಹುದಾ?

ಪೂರ್ತಿ ತುಂಬಿ ಅಥವಾ ಪೂರ್ತಿ ಖಾಲಿ ಮಾಡಿ ಒಯ್ಯಿರಿ. ವಿಮಾನ ಏರುವಾಗ ಒಳಗಿನ ಗಾಳಿ ಹಿಗ್ಗಿ ಇಂಕನ್ನು ಹೊರತಳ್ಳುತ್ತದೆ. ಅರ್ಧ ತುಂಬಿದ ಪೆನ್ನಿನಲ್ಲಿ ಗಾಳಿ ಹೆಚ್ಚು, ಸೋರಿಕೆಯೂ ಹೆಚ್ಚು. ನಿಬ್ ಮೇಲ್ಮುಖವಾಗಿರಲಿ.

## ನಿಬ್ ಬದಲಾವಣೆ

ನಿಬ್ ಬಿಚ್ಚೋದು ಹೇಗೆ? ಎಳೆದರೆ ಬರ್ತಿಲ್ಲ.

ಎಳೆಯುವುದಲ್ಲ, ತಿರುಗಿಸುವುದು. ನಿಬ್, ಫೀಡ್, ಅವೆರಡನ್ನು ಹಿಡಿದಿರುವ ಕೊಳವೆ ಮೂರೂ ಸೇರಿ ಒಂದು ಘಟಕ. ಇಂಕ್ ಖಾಲಿ ಮಾಡಿ ತೊಳೆದು, ನಿಬ್ ಮತ್ತು ಫೀಡನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಟ್ಟಿಗೆ ಹಿಡಿದು ಎಡಕ್ಕೆ ತಿರುಗಿಸಿ. ಜಾರಿದರೆ ರಬ್ಬರ್ ತುಂಡೊಂದನ್ನು ನಡುವೆ ಇಟ್ಟುಕೊಳ್ಳಿ. ನಿಬ್ಬನ್ನು ಮಾತ್ರ ಹಿಡಿದು ತಿರುಗಿಸಿದರೆ ಅದು ಫೀಡಿನ ಮೇಲೆ ಓರೆಯಾಗುತ್ತದೆ, ಮೊನೆ ಬಾಗುತ್ತದೆ. ಇಕ್ಕಳ ಬೇಡ. ಜೋಡಿಸುವಾಗ ಬೆರಳಿಗೆ ತಡೆ ಸಿಕ್ಕೊಡನೆ ನಿಲ್ಲಿಸಿ. ಇನ್ನೂ ಬಿಗಿ ಮಾಡಿದರೆ ಹಿಡಿಕೆಯ (ಬರೆಯುವಾಗ ಬೆರಳಿಡುವ ಮುಂಭಾಗದ) ಅಕ್ರಿಲಿಕ್ ಸೀಳಬಹುದು.

ಎಂವಿ ಅಡಾಪ್ಟರ್ ಅಂದರೆ ಏನು? ಹಳೇ ನಿಬ್ ನಿಜವಾಗಲೂ ಕೂರುತ್ತಾ?

ಕೂರುತ್ತದೆ. ಹಳೆಯ ಎಸ್ಟರ್‌ಬ್ರೂಕ್‌ನ ದೊಡ್ಡ ಯೋಚನೆಯೇ ನಿಬ್ ಬದಲಾಯಿಸುವ ವ್ಯವಸ್ಥೆ. 'ರಿನ್ಯೂ ಪಾಯಿಂಟ್' ಎಂದು ಹೆಸರಿಟ್ಟಿದ್ದರು. ನಿಬ್ ಸವೆದರೆ ಗ್ರಾಹಕನೇ ಅಂಗಡಿಯಲ್ಲಿ ಇನ್ನೊಂದು ಕೊಂಡು ತಿರುಗಿಸಿ ಹಾಕಿಕೊಳ್ಳುತ್ತಿದ್ದ. ಗುಮಾಸ್ತ, ಶೀಘ್ರಲಿಪಿಕಾರ, ವಿದ್ಯಾರ್ಥಿ ಹೀಗೆ ಒಬ್ಬೊಬ್ಬರ ಕೆಲಸಕ್ಕೂ ಬೇರೆ ನಂಬರಿನ ನಿಬ್ ಇತ್ತು. ಆ ತಿರುಪಿನ ಅಳತೆ ಇಂದಿನ ಯೋವೋ ಘಟಕಕ್ಕಿಂತ ಸಣ್ಣದು. ಎಂವಿ ಅಡಾಪ್ಟರ್ ಒಂದು ಸಣ್ಣ ಕೊಳವೆ: ಹೊರಗಿನ ತಿರುಪು ಎಸ್ಟಿಯ ಹಿಡಿಕೆಗೆ, ಒಳಗಿನ ತಿರುಪು ಹಳೆಯ ನಿಬ್ಬಿಗೆ.

ಹಾಕುವ ಕ್ರಮ ಹೀಗೆ. ಹೊಸ ನಿಬ್ ಘಟಕವನ್ನು ಬಿಚ್ಚಿ. ಹಳೆಯ ನಿಬ್ಬನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಳೆ ಮಸಿ ಬಿಡುವವರೆಗೆ ತೊಳೆಯಿರಿ. ಬಿಸಿನೀರು ಬೇಡ: ನಿಬ್ಬಿನ ಕೊರಳಪಟ್ಟಿ ಹಳೆಯ ಪ್ಲಾಸ್ಟಿಕ್ಕು, ಬಿರಿಯುತ್ತದೆ. ತಿರುಪಿನ ಮೇಲೆ ಸಾಸಿವೆ ಕಾಳಿನಷ್ಟು ಶುದ್ಧ ಸಿಲಿಕೋನ್ ಗ್ರೀಸ್ ಸವರಿ ಮೊದಲು ಅಡಾಪ್ಟರಿಗೆ ತಿರುಗಿಸಿ, ಆಮೇಲೆ ಅಡಾಪ್ಟರನ್ನು ಹಿಡಿಕೆಗೆ. ಗ್ರೀಸ್ ಫೀಡಿನ ಕಾಲುವೆಗೆ ಹೋಗಬಾರದು, ಹೋದರೆ ಇಂಕ್ ನಿಲ್ಲುತ್ತದೆ. ತುಂಬಿದ ಬಳಿಕ ಅರ್ಧ ಗಂಟೆ ನಿಬ್ ಕೆಳಗಾಗಿ ಲೋಟದಲ್ಲಿ ನಿಲ್ಲಿಸಿ ಸೋರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ, ಆಮೇಲೆ ಜೇಬಿಗೆ.

ಹಳೆಯ ನಿಬ್ ಗಾತ್ರದಲ್ಲಿ ಪುಟ್ಟದು. ದಪ್ಪ ಮೈಯ ಎಸ್ಟಿಯಲ್ಲಿ ಅದು ಕೊಂಚ ಬಡಪಾಯಿಯಂತೆ ಕಾಣುತ್ತದೆ. ಬರವಣಿಗೆ ಮಾತ್ರ ಬೇರೆಯೇ ಲೋಕ.

ಹಳೇ ನಿಬ್ಬಿನ ನಂಬರುಗಳು ತಲೆಗೆ ಹತ್ತುತ್ತಿಲ್ಲ. ಯಾವುದು ಹುಡುಕಲಿ?

ಮೊದಲ ಅಂಕಿ ದರ್ಜೆ ಹೇಳುತ್ತದೆ. 1 ಅಥವಾ 2ರಿಂದ ಶುರುವಾದರೆ ತುದಿಯ ಉಕ್ಕನ್ನೇ ಮಡಚಿ ಮಾಡಿದ ಅಗ್ಗದ ನಿಬ್, ಬೇಗ ಸವೆಯುತ್ತದೆ. 9ರಿಂದ ಶುರುವಾದರೆ ಮಾಸ್ಟರ್ ಸರಣಿ, ತುದಿಗೆ ಗಟ್ಟಿ ಲೋಹ ಬೆಸೆದದ್ದು. ಉಳಿದ ಮೂರು ಅಂಕಿ ಆಕಾರ ಹೇಳುತ್ತವೆ. ಹಾಗಾಗಿ 2668 ಮತ್ತು 9668 ಒಂದೇ ಆಕಾರದ ಬೇರೆ ದರ್ಜೆಗಳು.

ಕನ್ನಡಕ್ಕೆ 9556 ಹುಡುಕಿ: ಗಟ್ಟಿ, ಸಣ್ಣ ಗೆರೆ, ತಕರಾರಿಲ್ಲದ ನಿಬ್. ಇನ್ನೂ ಸಣ್ಣದು ಬೇಕಾದರೆ 9550, ಮಧ್ಯಮಕ್ಕೆ 9668. 2314 ಮತ್ತು 9314 ಓರೆ ಕತ್ತರಿಸಿದ ಸ್ಟಬ್‌ಗಳು. 9128 ಬಾಗುವ ಅತಿ ಸಣ್ಣ ನಿಬ್. ಒತ್ತಿದರೆ ಗೆರೆ ದಪ್ಪಗಾಗುತ್ತದೆ. ಕನ್ನಡದ ಸುತ್ತುಗಳಲ್ಲಿ ಅದನ್ನು ಒತ್ತುವುದು ಕೆಳಗೆ ಎಳೆಯುವಾಗ ಮಾತ್ರ, ಮೇಲಕ್ಕೆ ತಳ್ಳುವಾಗ ಒತ್ತಿದರೆ ಎರಡು ಸೀಳೂ (ನಿಬ್ಬಿನ ತುದಿಯ ಎರಡು ಹೋಳುಗಳು) ಒಂದರ ಮೇಲೊಂದು ಹತ್ತಿ ಕೂರುತ್ತವೆ. ಇಂಗ್ಲೆಂಡಿನ ಆಸ್ಮಿರಾಯ್ಡ್ ಕಂಪನಿಯ ಹಳೆಯ ನಿಬ್ಬುಗಳ ತಿರುಪೂ ಇದೇ ಅಳತೆಯದು, ಇಟಾಲಿಕ್ ಬೇಕಿದ್ದವರು ಅವನ್ನೂ ನೋಡಬಹುದು.

ಕೊಳ್ಳುವಾಗ ತುದಿಯನ್ನು ಪಕ್ಕದಿಂದ ತೆಗೆದ ಚಿತ್ರ ಕೇಳಿ. ಮಡಚಿದ ತುದಿ ಒಂದು ಕಡೆ ಚಪ್ಪಟೆಯಾಗಿದ್ದರೆ ಅದು ಹಿಂದಿನ ಒಡೆಯನ ಕೈಗೆ ಸವೆದದ್ದು, ನಿಮ್ಮ ಕೈಯಲ್ಲಿ ಗೀರುತ್ತದೆ.

ಪೀನಟ್ಸ್ ಕಾರ್ಟೂನ್ ಬರೆದ ಎಸ್ಟರ್‌ಬ್ರೂಕ್ ನಿಬ್ ಎಸ್ಟಿಗೆ ಹಾಕಬಹುದಾ?

ಆಗದು. ಚಾರ್ಲ್ಸ್ ಶುಲ್ಜ್ ಬಳಸುತ್ತಿದ್ದದ್ದು 914 'ರೇಡಿಯೋ ಪೆನ್', ಡೊನಾಲ್ಡ್ ಡಕ್ ಚಿತ್ರಿಸಿದ ಕಾರ್ಲ್ ಬಾರ್ಕ್ಸ್ ಬಳಸಿದ್ದು 356. ಎರಡೂ ಮರದ ಹಿಡಿಗೆ ಸಿಕ್ಕಿಸಿ ಮಸಿಯಲ್ಲಿ ಅದ್ದಿ ಬಳಸುವ ನಿಬ್ಬುಗಳು. ತಿರುಪೂ ಇಲ್ಲ, ಫೀಡೂ ಇಲ್ಲ. ಕಂಪನಿ ನಿಂತಾಗ ಶುಲ್ಜ್ ಉಳಿದಿದ್ದ 914 ನಿಬ್ಬುಗಳನ್ನೆಲ್ಲ ಕೊಂಡಿಟ್ಟುಕೊಂಡರು. ಹೆಸರು ನೋಡಿ ಪೆಟ್ಟಿಗೆಗಟ್ಟಲೆ ಅದ್ದುವ ನಿಬ್ ತರಿಸಿ ಮೋಸಹೋಗುವವರು ಈಗಲೂ ಇದ್ದಾರೆ. ಎಂವಿಗೆ ಹೊಂದುವ ನಿಬ್ಬಿನ ಹಿಂದೆ ಫೀಡ್ ಮತ್ತು ತಿರುಪಿನ ಕೊಳವೆ ಇರಲೇಬೇಕು.

## ತೊಂದರೆ ಕೊಟ್ಟಾಗ

ಅಕ್ಷರ ಶುರು ಮಾಡುವಾಗ ಮೊದಲ ಚೂರು ಬರೋದಿಲ್ಲ, ಆಮೇಲೆ ಚೆನ್ನಾಗಿ ಬರುತ್ತೆ.

ಮೊದಲು ಮೇಲೆ ಹೇಳಿದಂತೆ ಸೋಪಿನ ನೀರಲ್ಲಿ ತೊಳೆದು ಬೇರೆ ಇಂಕ್ ಹಾಕಿ ನೋಡಿ. ಕಾಗದವನ್ನೂ ಬದಲಾಯಿಸಿ: ಅಂಗೈಯ ಎಣ್ಣೆ ತಗುಲಿದ ಕಾಗದದಲ್ಲೂ ಇದೇ ಆಗುತ್ತದೆ. ಅದಕ್ಕೂ ಬಗ್ಗದಿದ್ದರೆ 10 ಪಟ್ಟು ದೊಡ್ಡದು ತೋರಿಸುವ ಭೂತಗನ್ನಡಿಯಲ್ಲಿ ತುದಿಯನ್ನು ಎದುರಿನಿಂದ ನೋಡಿ. ಎರಡು ಸೀಳುಗಳ ಒಳ ಅಂಚು ಅತಿಯಾಗಿ ದುಂಡಾಗಿ, ನಡುವೆ ಮಗುವಿನ ಕುಂಡೆಯಂತೆ ತಗ್ಗು ಕಂಡರೆ ಇಂಕ್ ಕಾಗದ ಮುಟ್ಟುತ್ತಿಲ್ಲ ಎಂದು ಅರ್ಥ. ನುಣುಪಿಗಾಗಿ ಹೆಚ್ಚು ಉಜ್ಜಿದಾಗ ಹೀಗಾಗುತ್ತದೆ, ಮೀಡಿಯಂ ಮತ್ತು ಬ್ರಾಡ್‌ಗಳಲ್ಲಿ ಹೆಚ್ಚು.

ವಾರಂಟಿಯಿದ್ದರೆ ಬದಲಿ ಕೇಳುವುದೇ ಸರಿ. ನೀವೇ ಮಾಡುವುದಾದರೆ 12000 ಗ್ರಿಟ್ ಮೈಕ್ರೋಮೆಶ್ (ಬಹಳ ನುಣುಪಾದ ಉಜ್ಜುವ ಹಾಳೆ) ಮೇಲೆ ಇಂಕ್ ಇರುವ ನಿಬ್ಬಿನಿಂದ, ಒತ್ತದೆ, ಇಂಗ್ಲಿಷ್ 8ರ ಆಕಾರ ಐದಾರು ಸಲ ಬರೆದು, ಕಾಗದದ ಮೇಲೆ ಪರೀಕ್ಷಿಸಿ. ಪ್ರತಿ ಸಲ ಐದಾರು ಮಾತ್ರ. ತುದಿಯ ಲೋಹವನ್ನು ತೆಗೆಯಬಹುದು, ಮತ್ತೆ ಸೇರಿಸಲಾಗದು. ಎಡಿಷನ್ ಪೆನ್ನಿನ ಜೊತೆ ಬಂದ ನಿಬ್ಬಿನ ಮೇಲೆ ಈ ಕಲಿಕೆ ಬೇಡ, ಅಗ್ಗದ ಬಿಡಿ ನಿಬ್ಬಿನ ಮೇಲೆ ಕಲಿಯಿರಿ.

ಒಂದು ಕಡೆ ಎಳೆದರೆ ನುಣುಪು, ಇನ್ನೊಂದು ಕಡೆ ಗೀರುತ್ತೆ.

ಎರಡು ಸೀಳಿನಲ್ಲಿ ಒಂದು ಕೂದಲೆಳೆಯಷ್ಟು ಮೇಲಿದೆ. ಭೂತಗನ್ನಡಿಯಲ್ಲಿ ಯಾವುದೆಂದು ನೋಡಿ, ಮೇಲಿರುವುದನ್ನು ಉಗುರಿನಿಂದ ಕೆಳಕ್ಕೆ ಒತ್ತಿ ಐದು ಸೆಕೆಂಡ್ ಹಿಡಿದು ಬಿಡಿ. ಮತ್ತೆ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಯಾಗುತ್ತದೆ, ಉಜ್ಜುವ ಅಗತ್ಯವೇ ಬೀಳದು.

ಇಂಕ್ ತುಂಬಾ ತೆಳುವಾಗಿ, ಒಣಗಿದ ಹಾಗೆ ಬರುತ್ತೆ.

ಸೀಳಿನ ನಡುವಿನ ಸಂದು ಬಿಗಿಯಾಗಿದೆ. 0.05 ಮಿ.ಮೀ. ದಪ್ಪದ ಹಿತ್ತಾಳೆ ಹಾಳೆಯನ್ನು ನಿಬ್ಬಿನ ತೂತಿನಿಂದ ತುದಿಯ ಕಡೆಗೆ ಮೆಲ್ಲಗೆ ಎಳೆಯಿರಿ, ಎರಡು ಮೂರು ಸಲ. ಬ್ಲೇಡ್ ಬಳಸಬೇಡಿ, ಉಕ್ಕು ಉಕ್ಕನ್ನು ಗೀರುತ್ತದೆ.

## ಹಳೆಯ ಜೆ ಪೆನ್ನಿನ ಬಗ್ಗೆ

ಎಡಿಷನ್ ಬದಲು ಅದೇ ದುಡ್ಡಲ್ಲಿ ಹಳೇ ಎಸ್ಟರ್‌ಬ್ರೂಕ್ ಜೆ ತಗೊಂಡು ರಿಪೇರಿ ಮಾಡಿದರೆ?

ಇಂಥ ಕೆಲಸ ಇಷ್ಟಪಡುವವರಿಗೆ ಖಂಡಿತ ಹೇಳುತ್ತೇವೆ. 1940ರ ದಶಕದಿಂದ ಅಮೆರಿಕದಲ್ಲಿ ಅಪಾರ ಸಂಖ್ಯೆಯಲ್ಲಿ ಮಾರಾಟವಾದ ಜೆ ಸರಣಿ ಈಗಲೂ ಸುಲಭವಾಗಿ ಸಿಗುತ್ತದೆ, ಎಸ್ಟಿಯ ಹಲವು ಗೆರೆಗಳು ಅದನ್ನು ನೆನಪಿಸುತ್ತವೆ. ಬದಿಯ ಲಿವರ್ ಎತ್ತಿದರೆ ಒಳಗಿನ ರಬ್ಬರ್ ಚೀಲ ಒತ್ತಿ, ಬಿಟ್ಟಾಗ ಇಂಕ್ ಎಳೆದುಕೊಳ್ಳುತ್ತದೆ. ಆ ಚೀಲ ಇಷ್ಟು ವರ್ಷದಲ್ಲಿ ಗಟ್ಟಿಯಾಗಿ ಪುಡಿಯಾಗಿರುತ್ತದೆ. ಲಿವರ್ ಬಲವಂತದಿಂದ ಎತ್ತಬೇಡಿ, ಮುರಿಯುತ್ತದೆ.

ಹಿಡಿಕೆ ಮತ್ತು ಮೈ ಸೇರುವ ಜಾಗವನ್ನು ಹೇರ್ ಡ್ರೈಯರ್‌ನಿಂದ ಕೈಗೆ ಬಿಸಿ ತಾಗುವಷ್ಟು ಮಾತ್ರ ಕಾಯಿಸಿ, ಪೆನ್ನನ್ನು ತಿರುಗಿಸುತ್ತಲೇ ಇರಿ. ಹಿಡಿಕೆಯನ್ನು ಅತ್ತಿತ್ತ ಅಲುಗಿಸುತ್ತ ನೇರವಾಗಿ ಎಳೆಯಿರಿ; ತಡವಾದರೆ ಮತ್ತೆ ಕಾಯಿಸಿ, ಬಲ ಹೆಚ್ಚಿಸಬೇಡಿ. ಹಳೆ ಚೀಲದ ಚೂರುಗಳನ್ನೆಲ್ಲ ತೆಗೆದು, ಒಳಗಿನ ಒತ್ತುಪಟ್ಟಿಗೆ ತುಕ್ಕು ಹಿಡಿದಿದ್ದರೆ ಅದನ್ನೂ ಬದಲಾಯಿಸಿ. ದೊಡ್ಡ ಅಳತೆಯ ಜೆಗೆ 16ನೇ ನಂಬರಿನ ಲೇಟೆಕ್ಸ್ ಚೀಲ. ಮೈಯ ಪಕ್ಕ ಹಿಡಿದು ಅಳೆದು, ತುದಿಗೆ ತಾಗದಂತೆ 3 ಮಿ.ಮೀ. ಗಿಡ್ಡಕ್ಕೆ ಕತ್ತರಿಸಿ. ಹಿಡಿಕೆಯ ಹಿಂಬದಿಯ, ಚೀಲ ಏರಿಸುವ ಸಣ್ಣ ಕೊಳವೆಗೆ ಶೆಲ್ಲಾಕ್ (ಅರಗಿನ ಅಂಟು) ತೆಳುವಾಗಿ ಸವರಿ ಚೀಲ ಏರಿಸಿ ಒಂದು ದಿನ ಒಣಗಲು ಬಿಡಿ. ಸೂಪರ್ ಗ್ಲೂ ಹಾಕಿದರೆ ಮುಂದಿನ ಸಲ ಬಿಚ್ಚುವವರು ಹಿಡಿಕೆಯನ್ನೇ ಒಡೆಯಬೇಕಾಗುತ್ತದೆ. ಒಣಗಿದ ಚೀಲಕ್ಕೆ ಟಾಲ್ಕ್ ಪುಡಿ ಸವರಿ ಮೈಯೊಳಗೆ ತೂರಿಸಿ. ಹಿಡಿಕೆಯನ್ನು ಅಂಟಿಸುವ ಅಗತ್ಯವಿಲ್ಲ, ಬಿಗಿತವೇ ಹಿಡಿದಿಡುತ್ತದೆ.

ರಿಪೇರಿಗೆ ಮೀರಿದ ಜೆ ಸಿಕ್ಕರೂ ಎಸೆಯಬೇಡಿ. ಮೈ ಬಿರಿದಿದ್ದರೂ ಅದರ ನಿಬ್ ಘಟಕ ಚೆನ್ನಾಗಿದ್ದರೆ ಬಿಚ್ಚಿ ತೊಳೆದು ಎಂವಿ ಅಡಾಪ್ಟರಿಗೆ ಹಾಕಿಕೊಳ್ಳಿ. ಒಳ್ಳೆಯ 9000 ಸರಣಿಯ ನಿಬ್ಬನ್ನು ಬಿಡಿಯಾಗಿ ಕೊಳ್ಳುವುದಕ್ಕಿಂತ ಹೀಗೆ ಮುರಿದ ಪೆನ್ನಿನ ಜೊತೆ ಕೊಳ್ಳುವುದೇ ಅನೇಕ ಸಲ ಅಗ್ಗ.